ತೊಟ್ಟಿಲಿರುವ ಮನೆಯಿಂದ ಬೀಡಿ ಹೊಗೆ ಹೊರಗೆ ಹಾಕುವುದು ಹೇಗೆ?

ನಾನು ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಊರಿನವರ ಬಾಯಲ್ಲಿ ನರ್ಸಮ್ಮ. ಬಾಣಂತಿ ನೋಡಲು ಹೋದ ಮನೆಯಲ್ಲೆಲ್ಲ ಒಂದು ಪ್ರಶ್ನೆ ಕೇಳುತ್ತಿದ್ದೆ: ಮನೆಯಲ್ಲಿ ಯಾರು ಸೇದುತ್ತಾರೆ? ಉತ್ತರ ಯಾವಾಗಲೂ ಒಂದೇ. "ಒಳಗೆ ಯಾರೂ ಸೇದಲ್ಲ ನರ್ಸಮ್ಮ, ಅವ್ರು ಆಚೆ ಹೋಗ್ತಾರೆ." ಆಚೆ ಅಂದರೆ ಎಲ್ಲಿ ಅಂತ ನೋಡಿದರೆ ಜಗಲಿ. ಜಗಲಿಗೂ ತೊಟ್ಟಿಲಿಗೂ ನಡುವೆ ಆರು ಅಡಿ, ಒಂದು ತೆರೆದ ಬಾಗಿಲು.

ಹೊಗೆಗೂ ಮಗುವಿನ ನಿದ್ದೆಗೂ ಏನು ಸಂಬಂಧ ಅಂತ ಕೇಳುವವರೇ ಜಾಸ್ತಿ. ಚೆನ್ನಾಗಿದ್ದ ಕೂಸು ಮಲಗಿದಲ್ಲೇ ತೀರಿಕೊಳ್ಳುವುದುಂಟು. ಡಾಕ್ಟರುಗಳು ಅದನ್ನು ಸಿಡ್ಸ್ ಅನ್ನುತ್ತಾರೆ. ವರ್ಷ ತುಂಬದ ಮಕ್ಕಳಲ್ಲಿ, ಅದರಲ್ಲೂ 2ರಿಂದ 4 ತಿಂಗಳ ನಡುವೆ ಇದು ಹೆಚ್ಚು. ಹಳ್ಳಿಗಳಲ್ಲಿ ಗಾಳಿ ಸೋಕಿತು ಅಂತ ಹೇಳಿ ಮುಗಿಸಿಬಿಡುತ್ತಾರೆ. ನಿದ್ದೆಯಲ್ಲಿ ಉಸಿರಿಗೆ ತೊಂದರೆಯಾದರೆ ಮಗು ತಾನೇ ಎಚ್ಚರವಾಗಿ ಮುಖ ತಿರುಗಿಸಬೇಕು, ಅಳಬೇಕು. ತಂಬಾಕಿನಲ್ಲಿರುವ ನಿಕೋಟಿನ್ ಆ ಎಚ್ಚರವನ್ನೇ ಮಂಕು ಮಾಡುತ್ತದೆ. ಬೇರೆಯವರು ಸೇದಿದ ಹೊಗೆಯೂ ಈ ಸಾವಿಗೆ ಕಾರಣ ಎಂದು ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ, 2006ರ ವರದಿಯಲ್ಲೇ ಹೇಳಿದ್ದಾರೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಎಂದೂ ಅದರಲ್ಲಿದೆ. ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಎಳೆಕೂಸು 30ರಿಂದ 60 ಸಲ ಆಡುತ್ತದೆ. ಹಾಗಾಗಿ ಕಿವಿ ಸೋರುವುದು, ಎದೆ ಗೊರಗೊರ, ನ್ಯುಮೋನಿಯಾ ಕೂಡ ಇಂಥ ಮನೆಗಳಲ್ಲಿ ಜಾಸ್ತಿ.

ಹಂತ 1: ಹೆರಿಗೆಗೆ ಮುಂಚೆಯೇ ಮಾತಾಡಿ. ಸೀಮಂತದ ಹೊತ್ತಿಗೆ ಆಗಿಬಿಡಲಿ. ಹೊಗೆ ಹೊಟ್ಟೆಯಲ್ಲಿರುವ ಮಗುವಿಗೂ ತಾಗುತ್ತದೆ, ತೂಕ ಕಡಿಮೆಯಾಗುತ್ತದೆ. ಬಾಣಂತನದಲ್ಲಿ ಮಾವನವರಿಗೆ ಹೇಳುವ ಧೈರ್ಯ ಸೊಸೆಗೆ ಬರುವುದಿಲ್ಲ. ಮಗನೇ ಹೇಳಬೇಕು.

ಹಂತ 2: ಸೇದುವ ಜಾಗ ಗೇಟಿನ ಆಚೆ. ಜಗಲಿ, ಬಾಲ್ಕನಿ, ಬಚ್ಚಲು ಯಾವುದೂ ಬೇಡ. ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಹೊಗೆ ಸುತ್ತಾಡುತ್ತದೆ, ಪೂರ್ತಿ ಹೋಗುವುದಿಲ್ಲ. ಏಸಿ ಕೂಡ ಅದೇ ಗಾಳಿಯನ್ನು ತಣ್ಣಗೆ ಮಾಡಿ ಕೊಡುತ್ತದೆ, ಅಷ್ಟೇ. ರೂಮ್ ಫ್ರೆಶ್ನರ್ ಅಂತೂ ದುಡ್ಡು ದಂಡ. ವಾಸನೆಯ ಮೇಲೆ ಇನ್ನೊಂದು ವಾಸನೆ ಬಳಿಯುವುದಕ್ಕೆ ಯಾಕೆ ಖರ್ಚು? ಇ-ಸಿಗರೇಟು ಪರವಾಗಿಲ್ಲ ಅನ್ನುವ ಹುಡುಗರಿಗೆ ಒಂದು ಮಾತು. ಅದರಲ್ಲೂ ನಿಕೋಟಿನ್ ಇರುತ್ತದೆ, ಮೇಲಾಗಿ 2019ರಿಂದ ನಮ್ಮ ದೇಶದಲ್ಲಿ ಅದರ ಮಾರಾಟವೇ ನಿಷೇಧ.

ಹಂತ 3: ಗೇಟಿನಿಂದ ತೊಟ್ಟಿಲವರೆಗೆ. ಎಲ್ಲರೂ ಎಡವುವುದು ಇಲ್ಲೇ. ಬೀಡಿ ಆರಿಸಿದ ತಕ್ಷಣ ಹೊಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಅದು ಉಸಿರಲ್ಲಿದೆ, ಅಂಗಿಯಲ್ಲಿದೆ, ಮೀಸೆಯಲ್ಲಿದೆ.

ಮೊದಲು ಉಸಿರು. ಕೊನೆಯ ದಮ್ಮು ಎಳೆದ ಮೇಲೂ ಕೆಲವು ನಿಮಿಷ ಉಸಿರಿನ ಜೊತೆ ಹೊಗೆಯ ಅಂಶ ಬರುತ್ತಲೇ ಇರುತ್ತದೆ. ನನ್ನ ಲೆಕ್ಕ ಅರ್ಧ ಗಂಟೆ. ಅಷ್ಟು ಹೊತ್ತು ಮಗುವಿನ ಹತ್ತಿರ ಬರುವುದೇ ಬೇಡ. ಅಂಗಡಿಗೆ ಹೋಗಿ ಬರಲಿ, ದನಕ್ಕೆ ಹುಲ್ಲು ಹಾಕಲಿ. ಏಲಕ್ಕಿ ಜಗಿದರೆ, ಪೆಪ್ಪರ್‌ಮಿಂಟು ಚೀಪಿದರೆ ವಾಸನೆ ಮುಚ್ಚುತ್ತದೆ, ಹೊಗೆ ಮುಚ್ಚುವುದಿಲ್ಲ.

ಆಮೇಲೆ ಬಟ್ಟೆ. ಸೇದುವುದಕ್ಕೇ ಒಂದು ಹಳೇ ಅಂಗಿ ಇಟ್ಟುಬಿಡಿ. ಬಾಗಿಲಾಚೆ ಒಂದು ಮೊಳೆ ಹೊಡೆದು ಅಲ್ಲೇ ನೇತು ಹಾಕಿ. ಹಾಕಿಕೊಂಡು ಸೇದಬೇಕು, ಬಿಚ್ಚಿಟ್ಟು ಒಳಗೆ ಬರಬೇಕು. ಬಾಣಂತಿ ಕೋಣೆಯ ಬಾಗಿಲ ಹಿಂದಿನ ಗೂಟಕ್ಕೆ ಅದನ್ನು ಸಿಕ್ಕಿಸಿದರೆ ಎಲ್ಲ ವ್ಯರ್ಥ. ಮಗುವಿನ ಬಟ್ಟೆ ಜೊತೆ ನೆನೆಸಲೂಬಾರದು.

ಬಟ್ಟೆಯಲ್ಲೆಲ್ಲ ಕೆಟ್ಟದ್ದು ಶಾಲು. ಒಂದು ಮನೆಯಲ್ಲಿ ನೋಡಿದ್ದು ಇದು. ಚಳಿಗಾಲದ ಬೆಳಗ್ಗೆ ಅಜ್ಜ ಉಣ್ಣೆ ಶಾಲು ಹೊದ್ದು ಕಟ್ಟೆ ಮೇಲೆ ಕೂತು ಎರಡು ಬೀಡಿ ಸೇದಿದರು. ಕೈ ತೊಳೆದರು, ಬಾಯಿ ಮುಕ್ಕಳಿಸಿದರು. "ನೋಡಿ ನರ್ಸಮ್ಮ, ಎಷ್ಟು ಕ್ಲೀನು" ಅಂದರು. ಆಮೇಲೆ ಮೊಮ್ಮಗಳಿಗೆ ಚಳಿಯಾದೀತು ಅಂತ ಅದೇ ಶಾಲಲ್ಲಿ ಸುತ್ತಿ ಎದೆಗೆ ಅವಚಿಕೊಂಡರು! ಉಣ್ಣೆ ಹೊಗೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಮಗು ಅದರಲ್ಲಿ ಮೂಗಿಟ್ಟು ಮಲಗುತ್ತದೆ, ಅಂಚನ್ನು ಚೀಪುತ್ತದೆ. ಅಜ್ಜನ ಪ್ರೀತಿಗೆ ಏನೂ ಕಮ್ಮಿ ಇರಲಿಲ್ಲ, ಪಾಪ.

ಇನ್ನು ಕೈ ಮುಖ. ಬರೀ ನೀರು ಸಾಲದು, ಸೋಪು ಹಾಕಿ ಮೊಣಕೈವರೆಗೆ ತೊಳೆಯಬೇಕು. ಗಡ್ಡ ಮೀಸೆ ಇದ್ದರೆ ಅದಕ್ಕೂ ಸೋಪು ಬೇಕು. ಎತ್ತಿಕೊಳ್ಳುವಾಗ ಹೆಗಲ ಮೇಲೆ ಒಗೆದ ಪಂಚೆ ಹಾಸಿಕೊಳ್ಳಿ. ಇಷ್ಟೆಲ್ಲ ರಗಳೆ ಯಾರಿಗೆ ಬೇಕು ಅಂತ ಒಬ್ಬರು ಬೀಡಿಯನ್ನೇ ಬಿಟ್ಟರು. ಅದೂ ಒಂದು ದಾರಿ.

ಇಷ್ಟು ಮಾಡಿದರೂ ಸೇದುವವರು ಮಗುವಿನ ಪಕ್ಕ ಮಲಗಬಾರದು. ಹಾಸಿಗೆಯಲ್ಲಿ ಸೇದದಿದ್ದರೂ ಅಷ್ಟೇ. ಸೇದುವವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ ಸಿಡ್ಸ್ ಅಪಾಯ 10 ಪಟ್ಟಿಗೂ ಹೆಚ್ಚು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಸೂಚನೆಯಲ್ಲಿದೆ. ಅಪ್ಪನ ಚಾಪೆ ಬೇರೆ ಗೋಡೆಗೆ ಹೋಗಲಿ. ಅವನು ಮುನಿಸಿಕೊಂಡರೆ ನಾಲ್ಕು ದಿನ.

ಹಂತ 4: ಕೋಣೆ ತೊಳೆಯಿರಿ. ಮೊದಲು ಒಳಗೆ ಸೇದುತ್ತಿದ್ದ ಮನೆಯಾದರೆ ಪರದೆ, ಹಾಸಿಗೆ ಹೊದಿಕೆ ಒಗೆಯಿರಿ, ಗೋಡೆ ಒರೆಸಿ, ಸಾಧ್ಯವಾದರೆ ಸುಣ್ಣ ಬಣ್ಣ ಹೊಡೆಸಿ. ಹಳೇ ಸೋಫಾ ಆ ಕೋಣೆಯಿಂದ ಆಚೆ ಹೋಗಲಿ.

ಹಂತ 5: ಹಾಸಿಗೆ. ಮಗು ತಾಯಿ ಇರುವ ಕೋಣೆಯಲ್ಲೇ, ಆದರೆ ತನ್ನದೇ ಜಾಗದಲ್ಲಿ, ಅಂಗಾತ ಮಲಗಬೇಕು. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಎಂದು ಪ್ರಚಾರ ಶುರು ಮಾಡಿದ ಮೇಲೆ ಇಂಥ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿ ಇರಲಿ. ತಲೆ ದುಂಡಗಾಗಲಿ ಅಂತ ಇಡುವ ರಾಗಿ ದಿಂಬು, ಸಾಸಿವೆ ದಿಂಬು ತೆಗೆದಿಡಿ. ಸೀರೆ ಜೋಲಿಯೂ ನನಗೆ ಇಷ್ಟವಿಲ್ಲ. ಮಗು ಮಡಚಿಕೊಂಡು ಗದ್ದ ಎದೆಗೆ ತಾಗುತ್ತದೆ. ಹಲಗೆ ತಳದ ಮರದ ತೊಟ್ಟಿಲೇ ವಾಸಿ.

ಹಂತ 6: ಹೆಂಗಸರ ಹೊಗೆ. ಗಂಡಸರನ್ನು ಗೇಟಿಗೆ ಅಟ್ಟಿ, ಒಳಗೆ ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಕೋಣೆ ತುಂಬಿಸಿದರೆ ಏನು ಬಂತು? ಬೈದಾರು ಅಂತ ಗೊತ್ತು, ಆದರೂ ಹೇಳುತ್ತೇನೆ. ಹೊಗೆ ಅಂದಮೇಲೆ ಹೊಗೆಯೇ. ಶೀತವಾಗುತ್ತದೆ ಅಂತ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟರೆ ಇಂಗಾಲದ ಮಾನಾಕ್ಸೈಡ್ ಅನ್ನುವ ವಿಷಗಾಳಿ ತುಂಬಿ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಸೊಳ್ಳೆ ಬತ್ತಿಯೂ ಬೇಡ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಸೊಳ್ಳೆ ಪರದೆ ಕಟ್ಟಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಬಾಣಂತಿಯರೂ ಇದ್ದಾರೆ. ಹೊಗೆ ಇಲ್ಲದಿದ್ದರೂ ನಿಕೋಟಿನ್ ಹಾಲಿಗೆ ಇಳಿಯುತ್ತದೆ. ಸೊಪ್ಪು ಬಿಡಿ, ಹಾಲು ಕುಡಿಸುವುದು ಬಿಡಬೇಡಿ.

ಹಂತ 7: ಬಿಡುವವರಿಗೆ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆ ನಡೆಸುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಂಬಾಕಿಲ್ಲದ ಗಿಡಮೂಲಿಕೆ ಸಿಗರೇಟು ಅಂತ ಮಾರುವುದನ್ನು ಕೊಳ್ಳಬೇಡಿ. ಸುಟ್ಟ ಎಲೆ ಯಾವುದಾದರೂ ಹೊಗೆ ಕೊಡುತ್ತದೆ.

ಕೊನೆಯದಾಗಿ ನಾಮಕರಣದ ದಿನ. ಆವತ್ತು ಶಾಮಿಯಾನದ ಹಿಂದೆ ಸೇದಿ ಬಂದ ಚಿಕ್ಕಪ್ಪ, ಭಾವ, ಪಕ್ಕದ ಮನೆಯವರು ಎಲ್ಲರ ಕೈಗೂ ಮಗು ದಾಟುತ್ತದೆ. ಶಾಸ್ತ್ರ ಮುಗಿದ ಕೂಡಲೇ ಹಾಲು ಕುಡಿಸಬೇಕು ಅಂತ ಒಳಗೆ ಕರೆದುಕೊಂಡು ಹೋಗಿಬಿಡಿ. ಯಾರಾದರೂ ಬೇಜಾರು ಮಾಡಿಕೊಂಡರೆ ನರ್ಸಮ್ಮ ಬೈತಾರೆ ಅನ್ನಿ. ನನ್ನ ಮೇಲೆ ಹಾಕಿದರೆ ನನಗೇನೂ ಬೇಜಾರಿಲ್ಲ.