ಹುಡುಗಿಯರಿಗೊಂದು ಮ್ಯೂಸಿಕ್ ಮ್ಯಾಗಜೀನ್: ಪಿಂಕ್ ಬಳಿಯೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಹುಡುಗಿಯರಿಗೆ ಅಂತಾನೇ ಒಂದು ಮ್ಯೂಸಿಕ್ ಮ್ಯಾಗಜೀನ್ ಮಾಡ್ತಿದೀವಿ ಅಂತ ಯಾರಾದ್ರೂ ಬಂದ್ರೆ ನಾನು ಮೊದಲು ಕೇಳೋದು ಒಂದೇ, ಯಾವ ಹುಡುಗಿ? ಇದಕ್ಕೆ ಉತ್ತರ ಇಲ್ದೇನೇ ಲೇಔಟ್‌ಗೆ ಕೂತ್ರೆ ಏನಾಗತ್ತೆ ಅಂತ ನೋಡಿದವರಿಗೆ ಗೊತ್ತು, ಪಿಂಕ್ ಬ್ಯಾಕ್‌ಗ್ರೌಂಡು, ಮೂಲೆಗೊಂದು ಹಾರ್ಟು, ಕವರ್ ಮೇಲೆ ಯಾವುದೋ ಹೀರೋ, ಒಳಗಡೆ ಅವನಿಗೆ ಇಷ್ಟದ ತಿಂಡಿ ಯಾವುದು ಅನ್ನೋ ಲೇಖನ. ಸಂಗೀತ ಎಲ್ಲೋಯ್ತು ಅಂತ ಹುಡುಕಬೇಕು. ಓದೋ ಹುಡುಗಿ ಬರೀ ಬಾಯಿಬಿಟ್ಕೊಂಡು ನೋಡೋಳಲ್ಲ, ಅವಳು ಕೇಳ್ತಾಳೆ, ಹಾಡ್ತಾಳೆ, ಎಷ್ಟೋ ಸಲ ನುಡಿಸ್ತಾಳೆ ಕೂಡ. ಹಾಗಂದ್ಕೊಂಡು ಶುರು ಮಾಡಿದ್ರೆ ಪುಟದ ಸೈಜಿಂದ ಹಿಡಿದು ಅಕ್ಷರದ ಸೈಜಿನವರೆಗೂ ನಿರ್ಧಾರಗಳೇ ಬೇರೆ ಆಗ್ತವೆ.

ಮೊದಲನೇ ಹೆಜ್ಜೆ: ಓದೋ ಹುಡುಗೀನ ಹಿಡೀರಿ

ಹದಿನಾರರಿಂದ ಇಪ್ಪತ್ತೆರಡು ಅಂತ ವಯಸ್ಸು ಬರೆದಿಟ್ಕೊಂಡ್ರೆ ಸಾಕಾಗಲ್ಲ. ಬೆಂಗಳೂರಲ್ಲಿ ಬೆಳಿಗ್ಗೆ ಎದ್ದು ಕರ್ನಾಟಕ ಸಂಗೀತದ ವರ್ಣ ಪ್ರಾಕ್ಟೀಸ್ ಮಾಡಿ, ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೊರಿಯಾದ ಬಿಟಿಎಸ್ ಬ್ಯಾಂಡ್ ಕೇಳ್ತಾ ಕಾಲೇಜಿಗೆ ಹೋಗಿ, ಕ್ಯಾಂಟೀನಲ್ಲಿ ಕನ್ನಡ ರ‍್ಯಾಪ್‌ಗೆ ತಲೆ ಆಡಿಸೋ ಹುಡುಗಿ ಒಬ್ಬಳೇ ಇರ್ತಾಳೆ, ಮೂರು ಜನ ಅಲ್ಲ. ಅದಕ್ಕೇ ಕ್ಲಾಸಿಕಲ್ ಒಂದು ಕಡೆ, ಸಿನಿಮಾ ಒಂದು ಕಡೆ, ಬ್ಯಾಂಡು ಒಂದು ಕಡೆ ಅಂತ ಬೇಲಿ ಹಾಕೋ ಹಳೇ ಪದ್ಧತಿ ಇಲ್ಲಿ ನಡೆಯಲ್ಲ.

ಐದಾರು ಜನ ಹುಡುಗಿಯರನ್ನ ಕೂರಿಸ್ಕೊಂಡು ಮಾತಾಡಿ. ಆದ್ರೆ 'ನಿಮಗೆ ಏನು ಓದೋಕೆ ಇಷ್ಟ' ಅಂತ ಮಾತ್ರ ಕೇಳ್ಬೇಡಿ, ಮರ್ಯಾದೆಗೆ ಏನೋ ಒಂದು ಹೇಳ್ತಾರೆ ಅಷ್ಟೇ. ಹೋದ ವಾರ ಕೇಳಿದ ಹಾಡುಗಳ ಲಿಸ್ಟ್ ಫೋನಲ್ಲಿ ತೆಗೆದು ತೋರ್ಸಮ್ಮ ಅನ್ನಿ, ಕೊನೇ ಸಲ ಯಾವ ಪ್ರೋಗ್ರಾಂಗೆ ಹೋಗಿದ್ದೆ, ಹೋಗ್ಬೇಕು ಅನ್ಕೊಂಡು ಯಾಕೆ ಹೋಗ್ಲಿಲ್ಲ ಅಂತ ಕೇಳಿ. ಈ ಕೊನೇ ಪ್ರಶ್ನೆಗೆ ಬರೋ ಉತ್ತರದಲ್ಲೇ ಎರಡು ಪುಟದ ವಿಷಯ ಸಿಗತ್ತೆ.

ಎರಡನೇದು: ಫೋನಲ್ಲಿ ಸಿಗದೇ ಇರೋದನ್ನ ಹಾಕಿ

ಒಂದು ಕಾಲದಲ್ಲಿ ಟಾಕೀಸ್ ಹತ್ರ ಸಿನಿಮಾ ಹಾಡಿನ ಪುಸ್ತಕ ಮಾರ್ತಿದ್ರು, ಅಮ್ಮನ ಟ್ರಂಕಲ್ಲಿ ಈಗ್ಲೂ ಒಂದೆರಡು ಇರಬಹುದು. ಬ್ರಿಟನ್‌ನಲ್ಲಿ 1978ರಲ್ಲಿ ಶುರುವಾದ ಸ್ಮ್ಯಾಶ್ ಹಿಟ್ಸ್ ಮ್ಯಾಗಜೀನು ಇದೇ ಐಡಿಯಾ ಇಟ್ಕೊಂಡು ಹಿಟ್ ಹಾಡುಗಳ ಸಾಹಿತ್ಯ ಛಾಪಿಸಿ ಹದಿಹರೆಯದವರ ರೂಮು ರೂಮಿಗೂ ಹೋಯ್ತು, 2006ರಲ್ಲಿ ನಿಂತೂಹೋಯ್ತು. ಇವತ್ತು ಸಾಹಿತ್ಯ ಬೇಕು ಅಂದ್ರೆ ಎರಡು ಸೆಕೆಂಡಿನ ಕೆಲಸ, ಅದಕ್ಕೋಸ್ಕರ ಯಾರೂ ದುಡ್ಡು ಕೊಟ್ಟು ಮ್ಯಾಗಜೀನ್ ತಗೊಳಲ್ಲ.

ಹಾಗಾದ್ರೆ ಏನು ಹಾಕೋದು? ಒಂದು ಉದಾಹರಣೆ ಹೇಳ್ತೀನಿ. ಹಾಡಿಗೆ ಗಿಟಾರಲ್ಲಿ ಒಟ್ಟಿಗೆ ಮೀಟೋ ಸ್ವರಗಳ ಗುಂಪನ್ನ ಕಾರ್ಡ್ (chord) ಅಂತಾರೆ, ನೆಟ್ಟಲ್ಲಿ ಸಿಗೋ ಕಾರ್ಡ್ ಚಾರ್ಟ್‌ಗಳಲ್ಲಿ ಬಹಳಷ್ಟು ಗಂಡಸರು ಹಾಡಿದ ಶ್ರುತಿಗೇ ಇರ್ತವೆ. ಹುಡುಗಿ ಅದನ್ನೇ ನುಡಿಸಿಕೊಂಡು ಹಾಡೋಕೆ ಹೋದ್ರೆ ಒಂದೋ ಕೆಳಗೆ ದನಿ ಸಿಗಲ್ಲ, ಇಲ್ಲಾ ಮೇಲೆ ಕಿರುಚಬೇಕಾಗತ್ತೆ, ಆಮೇಲೆ ನನ್ನ ವಾಯ್ಸೇ ಸರಿ ಇಲ್ಲ ಅಂತ ಗಿಟಾರ್ ಮೂಲೆಗಿಡ್ತಾಳೆ. ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಸಿ ಇಂದ ಡಿ ಆಸುಪಾಸು, ಹೆಂಗಸರು ಎಫ್ ಶಾರ್ಪ್‌ನಿಂದ ಎ ವರೆಗೆ ಶ್ರುತಿ ಇಟ್ಕೋತಾರೆ, ಲೈಟ್ ಮ್ಯೂಸಿಕ್ಕಿಗೂ ಈ ಲೆಕ್ಕ ಹೆಚ್ಚುಕಮ್ಮಿ ಕೆಲಸಕ್ಕೆ ಬರತ್ತೆ. ಹಾಗಾಗಿ ಸಿ, ಎ ಮೈನರ್, ಎಫ್, ಜಿ ಅಂತ ಇರೋ ಹಾಡನ್ನ ಪಕ್ಕದಲ್ಲೇ ಜಿ, ಇ ಮೈನರ್, ಸಿ, ಡಿ ಅಂತ ಬದಲಾಯಿಸಿ ಕೊಡಿ. ಇದು ಡಿಸೈನಿನ ವಿಷಯಾನೂ ಹೌದು, ಆ ಪುಟ ಅವಳು ಕೈಲಿ ಹಿಡ್ಕೊಂಡು ಓದೋದಲ್ಲ, ಹಾಸಿಗೆ ಮೇಲೆ ಹರಡ್ಕೊಂಡು ತೊಡೆ ಮೇಲೆ ಗಿಟಾರ್ ಇಟ್ಕೊಂಡು ನೋಡೋದು. ಅಕ್ಷರ 14 ಪಾಯಿಂಟಿಗಿಂತ ಕಮ್ಮಿ ಇರಬಾರದು, ಹಿಂದೆ ಫೋಟೋ ಬೇಡ, ಹಾಡಿನ ಮಧ್ಯ ಪುಟ ತಿರುಗಿಸೋ ಹಾಗಿರಬಾರದು.

ಪ್ರೋಗ್ರಾಂ ಪಟ್ಟಿನೂ ಹೀಗೇ. ಚೌಡಯ್ಯ ಹಾಲ್, ಕೆ.ಆರ್. ರಸ್ತೆಯ ಗಾಯನ ಸಮಾಜ, ರಾಮನವಮಿ ಟೈಮಲ್ಲಿ ಚಾಮರಾಜಪೇಟೆ ಕಚೇರಿಗಳು, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂ, ಈ ಹೆಸರು, ತಾರೀಖು ಎಲ್ಲ ಕಡೆ ಸಿಗತ್ತೆ. ಅವಳಿಗೆ ಬೇಕಾಗಿರೋದು ಎಷ್ಟೊತ್ತಿಗೆ ಮುಗಿಯತ್ತೆ, ಮೆಟ್ರೋ ಸ್ಟೇಷನ್ ಎಷ್ಟು ದೂರ ನಡೀಬೇಕು, ಯಾವ ಬಿಎಂಟಿಸಿ ಬಸ್ಸು, ಟಾಯ್ಲೆಟ್ ಇದ್ಯಾ ಇಲ್ವಾ. 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಫ್ರೀ, ಅಂದ್ಮೇಲೆ ಬಸ್ ನಂಬರ್ ಕೊಡೋದು ಅಂದ್ರೆ ಟಿಕೆಟ್ ಖರ್ಚು ಉಳಿಸಿಕೊಟ್ಟ ಹಾಗೇನೇ. ಬಯಲಲ್ಲಿ ಮೈಕ್ ಹಾಕೋ ಪ್ರೋಗ್ರಾಂ ಸಾಮಾನ್ಯವಾಗಿ ರಾತ್ರಿ 10ಕ್ಕೆ ನಿಲ್ಲಿಸಲೇಬೇಕು, ರೂಲ್ಸೇ ಹಾಗಿದೆ, ಅದನ್ನೂ ಒಂದು ಸಾಲು ಬರೀರಿ, ಮನೇಲಿ ಪರ್ಮಿಷನ್ ಕೇಳೋಕೆ ಅನುಕೂಲ.

ಇನ್ನು ಯಾರ ಬಗ್ಗೆ ಬರೀಬೇಕು ಅನ್ನೋದು. ಹಾಡುಗಾರ್ತಿಯರ ಇಂಟರ್‌ವ್ಯೂ ಎಲ್ಲರೂ ಮಾಡ್ತಾರೆ, ನುಡಿಸೋರನ್ನ ಹುಡುಕಿ. ನಮ್ಮೂರಲ್ಲೇ ಇರೋ ಸುಕನ್ಯಾ ರಾಮ್‌ಗೋಪಾಲ್ ಅವರು ವಿಕ್ಕು ವಿನಾಯಕರಾಮ್ ಹತ್ರ ಘಟ ಕಲಿತವರು, ಸ್ತ್ರೀ ತಾಳ ತರಂಗ ಅಂತ ಹೆಂಗಸರದ್ದೇ ತಂಡ ಕಟ್ಟಿದವರು. ಹಳೇ ಕಥೆ ಬೇಕು ಅಂದ್ರೆ ಹಾಡುಗಾರ್ತಿ ಬೆಂಗಳೂರು ನಾಗರತ್ನಮ್ಮ ಇದಾರೆ, 1878ರಿಂದ 1952ರವರೆಗೆ ಬದುಕಿದ್ದವರು, ತಿರುವಯ್ಯಾರಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಿದ್ದು ಅವರೇ, ಅಲ್ಲಿನ ಆರಾಧನೇಲಿ ಹೆಂಗಸರು ಹಾಡಂಗಿಲ್ಲ ಅಂತಿದ್ದಾಗ ಜಗಳ ಆಡಿ ಹಾಡಿದ್ದೂ ಅವರೇ. ಇದನ್ನ ಪಾಠದ ಥರ ಬರೆದ್ರೆ ಯಾರೂ ಓದಲ್ಲ, ಆ ಜಗಳದಿಂದ ಶುರು ಮಾಡಿ.

ಮೂರನೇದು: ಕಂಪ್ಯೂಟರ್ ಬೇಡ, ಆರು ಹಾಳೆ ತಗೊಳ್ಳಿ

ಸೈಜು ಎ4 ಬೇಡ ಅಂತ ನನ್ನ ಅಭಿಪ್ರಾಯ, ಕಾಲೇಜ್ ಬ್ಯಾಗಲ್ಲಿ ಮೂಲೆ ಮಡಚ್ಕೊಂಡು ಹಾಳಾಗತ್ತೆ. ಎ5 ಅಂದ್ರೆ 148 ಬೈ 210 ಮಿಲಿಮೀಟರ್, ನೋಟ್‌ಬುಕ್ ಒಳಗೆ ಆರಾಮಾಗಿ ಕೂರತ್ತೆ.

ಆರು ಎ4 ಹಾಳೆ ಒಂದರೊಳಗೊಂದು ಇಟ್ಟು ಅರ್ಧಕ್ಕೆ ಮಡಚಿ ಮಧ್ಯ ಸ್ಟೇಪಲ್ ಹೊಡೀರಿ, 24 ಪುಟದ ಡಮ್ಮಿ, ಅಂದ್ರೆ ಖಾಲಿ ಮಾದರಿ ಪುಸ್ತಕ, ರೆಡಿ. ಸೆಂಟರ್ ಪಿನ್ ಮಾಡೋ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರೋದು, 22 ಪುಟ ಮಾಡ್ತೀನಿ ಅಂದ್ರೆ ಆಗಲ್ಲ. ಪೆನ್ಸಿಲಲ್ಲಿ ನಂಬರ್ ಹಾಕಿ ಬಿಚ್ಚಿ ನೋಡಿ, 1ನೇ ಪುಟ, 24ನೇ ಪುಟ ಒಂದೇ ಹಾಳೇಲಿ ಇರ್ತವೆ, 12-13 ಮಾತ್ರ ಮಧ್ಯ ಕಟ್ ಇಲ್ದೆ ಒಂದೇ ಹಾಳೆಯಾಗಿ ತೆರ್ಕೊಳತ್ತೆ. ಪೋಸ್ಟರ್ ಜಾಗ ಅದೇ. ಪಿನ್ ಎತ್ತಿ ಪೋಸ್ಟರ್ ಕಿತ್ತುಕೊಂಡ್ರೆ ಜೊತೆಗೆ 11 ಮತ್ತು 14ನೇ ಪುಟಾನೂ ಗೋಡೆಗೆ ಅಂಟ್ಕೊಂಡು ಹೋಗತ್ತೆ ಅನ್ನೋದನ್ನ ಮರೀಬೇಡಿ, ಇಂಟರ್‌ವ್ಯೂ ಮುಂದುವರಿದ ಭಾಗಾನ 14ರಲ್ಲಿ ಇಟ್ಟರೆ ಅವಳು ಪೋಸ್ಟರ್ ಆಸೆ ಬಿಡಬೇಕು ಇಲ್ಲಾ ಇಂಟರ್‌ವ್ಯೂ ಆಸೆ ಬಿಡಬೇಕು. ಅಲ್ಲಿ ಜಾಹೀರಾತು ಹಾಕಿ, ಅಥವಾ ಪೋಸ್ಟರ್‌ನಲ್ಲಿರೋರ ಹಾಡುಗಳ ಪಟ್ಟಿ ಹಾಕಿ.

ಪರಿವಿಡಿ ಒಂದು ಪುಟ ಸಾಕು, 3ನೇ ಪುಟ. ಕಾರ್ಡ್ ಚಾರ್ಟ್ ಯಾವಾಗ್ಲೂ ಎದುರುಬದುರು ಪುಟ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು.

ನಾಲ್ಕನೇದು: ಕನ್ನಡ ಅಕ್ಷರಕ್ಕೆ ಉಸಿರಾಡೋಕೆ ಜಾಗ

ಇಂಗ್ಲಿಷ್ ಟೆಂಪ್ಲೇಟ್ ಡೌನ್‌ಲೋಡ್ ಮಾಡಿ ಕನ್ನಡ ತುಂಬಿದ್ರೆ ಎಡವಟ್ಟಾಗೋದು ಇಲ್ಲೇ. ಅವರ ಲೈನ್ ಸ್ಪೇಸಿಂಗ್ ನಮಗೆ ಸಾಲಲ್ಲ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗಲತ್ತೆ. 'ರಾಷ್ಟ್ರ', 'ಸ್ತ್ರೀ' ಥರ ಎರಡೆರಡು ಒತ್ತು ಇರೋ ಪದಗಳನ್ನ ಒಂದು ಸಾಲಲ್ಲಿ, 'ಹಿಂದಿನಿಂದ' ಥರ ಗುಡಿಸು ತುಂಬಿರೋದನ್ನ ಅದರ ಕೆಳಗೆ ಟೈಪ್ ಮಾಡಿ ನೋಡಿ, ಆ ಎರಡು ತಗಲದೇ ಇರೋ ಅಳತೆಯೇ ನಿಮ್ಮ ಅಳತೆ. 10.5 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲಿನ ಅಂತರ ಅಂತ ಶುರು ಮಾಡಬಹುದು.

ಹೆಸರು ಇಡೋವಾಗ್ಲೂ ಇದನ್ನೇ ನೋಡಿ. 'ಗುನುಗು' ಅಂತಿಟ್ರೆ ಒತ್ತೇ ಇಲ್ಲ, ಮೂರೇ ಅಕ್ಷರ, ಕವರ್ ತುಂಬ ದಪ್ಪಕ್ಕೆ ಹರಡಬಹುದು. 'ಸ್ವರಸ್ತ್ರೀ' ಅಂತಿಟ್ರೆ ಒತ್ತುಗಳಿಗೇ ಅರ್ಧ ಜಾಗ ಹೋಗಿ ಹೆಸರು ಚಿಕ್ಕದಾಗಿ ಕಾಣತ್ತೆ.

ಫಾಂಟ್‌ಗೆ ದುಡ್ಡು ಖರ್ಚು ಮಾಡೋ ಅವಶ್ಯಕತೆ ಇಲ್ಲ. ಹೆಡ್ಡಿಂಗಿಗೆ 'ಬಲೂ ತಮ್ಮ' ಅನ್ನೋ ಫಾಂಟ್ ದುಂಡುದುಂಡಾಗಿ ತುಂಟಾಗಿದೆ, ಆದ್ರೆ ಪುಟಪುಟಕ್ಕೂ ಹಾಕಿದ್ರೆ ಮಕ್ಕಳ ಪುಸ್ತಕ ಆಗೋಗತ್ತೆ. ಅನೇಕ್ ಕನ್ನಡದಲ್ಲಿ ಸಣ್ಣದು, ದಪ್ಪದು, ಅಗಲದ್ದು, ಕಿರಿದಾದ್ದು ಎಲ್ಲ ಇದೆ, ಓದೋ ಭಾಗಕ್ಕೆ ನೋಟೋ ಅಥವಾ ತಿರೊ ಕನ್ನಡ. ಎಲ್ಲವೂ ಗೂಗಲ್ ಫಾಂಟ್ಸಲ್ಲಿ ಫ್ರೀ, ಮಾರೋ ಪುಸ್ತಕಕ್ಕೂ ಬಳಸಬಹುದು. ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಕೆಲಸ ಮಾಡೋರು ಅಕ್ಷರ ಜೋಡಿಸೋ ಕಂಪೋಸರ್ ಸೆಟ್ಟಿಂಗ್‌ನ ವರ್ಲ್ಡ್-ರೆಡಿಗೆ ಬದಲಾಯಿಸ್ಕೊಳ್ಳಿ, ಇಲ್ಲಾಂದ್ರೆ ಒತ್ತು ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂತ್ಕೊಳತ್ತೆ. ದುಡ್ಡಿಲ್ಲ ಅಂದ್ರೆ ಇಂಥದೇ ಫ್ರೀ ಸಾಫ್ಟ್‌ವೇರ್ ಸ್ಕ್ರೈಬಸ್ ಇದೆ, ಸ್ವಲ್ಪ ಸಹನೆ ಬೇಕು.

ಐದನೇದು: ಕವರ್

ಪೇಪರ್ ಅಂಗಡೀಲಿ ಮ್ಯಾಗಜೀನ್‌ಗಳನ್ನ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಹಾಕ್ತಾರೆ ಇಲ್ಲಾ ಒಂದರ ಮೇಲೊಂದು ಸರಿಸಿ ಜೋಡಿಸ್ತಾರೆ, ಕಾಣೋದು ಮೇಲಿನ ಪಟ್ಟಿ ಅಥವಾ ಎಡಗಡೆ ಅಂಚು ಅಷ್ಟೇ. ಅದಕ್ಕೆ ಹೆಸರು ಮೇಲೆ, ಮುಖ್ಯ ಸಾಲುಗಳು ಎಡಕ್ಕೆ. ಆದ್ರೆ ಓದೋ ಹುಡುಗಿ ಮೊದಲು ನೋಡೋದು ಇನ್‌ಸ್ಟಾಗ್ರಾಂನಲ್ಲಿ, ಹಾಗಾಗಿ ಕವರ್‌ನ ಫೋನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ, ಹೆಸರು ಓದೋಕಾಗ್ತಿಲ್ಲ ಅಂದ್ರೆ ಮತ್ತೆ ಮಾಡಿ.

ಫೋಟೋ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಹಠಮಾರಿ. ಗಂಡಸು ಗಿಟಾರಿಸ್ಟ್ ಆದ್ರೆ ನುಡಿಸ್ತಿರೋ ಫೋಟೋ, ಹೆಂಗಸಾದ್ರೆ ಗಿಟಾರ್‌ಗೆ ಒರಗಿ ನಗ್ತಿರೋ ಫೋಟೋ, ಇದು ಯಾಕೆ? ಅವಳೂ ನುಡಿಸ್ಲಿ. ನುಡಿಸೋ ಹಾಗೆ ನಟಿಸೋದಲ್ಲ, ನಿಜವಾದ ಕಾರ್ಡ್ ಹಿಡ್ದಿರಬೇಕು, ಬೆರಳು ತಂತಿ ಮೇಲೆ ಸುಮ್ನೆ ಬಿದ್ದಿದ್ರೆ ಆರು ತಿಂಗಳು ಕ್ಲಾಸಿಗೆ ಹೋದ ಹುಡುಗಿಗೂ ಗೊತ್ತಾಗೋಗತ್ತೆ. ಲೇಔಟ್‌ಗೆ ಹೊಂದಲಿ ಅಂತ ಫೋಟೋನ ಎಡಬಲ ಫ್ಲಿಪ್ ಮಾಡೋ ಅಭ್ಯಾಸ ಇದ್ಯಲ್ಲ, ಅದನ್ನ ಇಲ್ಲಿ ಮಾಡ್ಲೇಬೇಡಿ, ಪಿಟೀಲು ನುಡಿಸೋರು ಎಡಗೈಲಿ ಬಿಲ್ಲು ಹಿಡ್ಕೊಂಡ ಹಾಗಾಗತ್ತೆ. ಫೋಟೋದಲ್ಲಿರೋಳಿಗೆ ಹದಿನೆಂಟು ತುಂಬಿಲ್ಲ ಅಂದ್ರೆ ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೇಲಿ ಇರಲಿ.

ಪಿಂಕ್ ಬೇಡ್ವೇ ಬೇಡ ಅಂತಲ್ಲ. ಸ್ಕ್ರೀನ್ ಮೇಲೆ ಹೊಳೆಯೋ ನಿಯಾನ್ ಪಿಂಕ್ ನಾಲ್ಕು ಬಣ್ಣದ ಪ್ರಿಂಟಲ್ಲಿ ಬರಲ್ಲ, ಮಂಕಾಗಿ ಬರತ್ತೆ. ಅದೇ ಬೇಕು ಅಂದ್ರೆ ಸ್ಪೆಷಲ್ ಇಂಕು, ಬಣ್ಣಕ್ಕೊಂದು ಅಚ್ಚಿನ ಪ್ಲೇಟು ಬೇಕಾಗೋದ್ರಿಂದ ಅದಕ್ಕೊಂದು ಐದನೇ ಪ್ಲೇಟು, ದುಡ್ಡು ಜಾಸ್ತಿ. ಜಾಣತನ ಏನಂದ್ರೆ ಕಪ್ಪು ಮತ್ತೆ ಆ ನಿಯಾನ್, ಎರಡೇ ಬಣ್ಣದಲ್ಲಿ ಇಡೀ ಸಂಚಿಕೆ ಮಾಡೋದು, ಖರ್ಚೂ ಇಳಿಯತ್ತೆ, ಹಳದಿ ಕೆಂಪು ತುಂಬಿದ ಸಿನಿಮಾ ಪತ್ರಿಕೆಗಳ ಮಧ್ಯ ಬೇರೆ ಥರಾನೂ ಕಾಣತ್ತೆ.

ಆರನೇದು: ಪರ್ಮಿಷನ್‌ಗಳು

ಹಾಡಿನ ಪೂರ್ತಿ ಸಾಹಿತ್ಯ ಹಾಕೋಕೆ ಹಕ್ಕುದಾರರ ಅನುಮತಿ ಬೇಕು, ಬರೆದವರು ತೀರಿಕೊಂಡು 60 ವರ್ಷ ಆಗೋವರೆಗೂ ಕಾಪಿರೈಟ್ ಇರತ್ತೆ. ದಾಸರ ಪದ, ವಚನಗಳಿಗೆ ಈ ತಲೆನೋವಿಲ್ಲ, ಅದಕ್ಕೆ ಕಾರ್ಡ್ ಕೂರಿಸಿ ಕೊಡಿ, ಚೆನ್ನಾಗಿರತ್ತೆ. ಇನ್‌ಸ್ಟಾಗ್ರಾಂನಿಂದ ಎತ್ತಿದ ಫೋಟೋಗೂ ಫೋಟೋ ತೆಗೆದವರನ್ನ ಕೇಳಬೇಕು, 'ಕೃಪೆ: ಇಂಟರ್‌ನೆಟ್' ಅಂತ ಹಾಕಿದ್ರೆ ಅನುಮತಿ ಸಿಕ್ಕಂಗಲ್ಲ.

ತಿಂಗಳಿಗೋ ಮೂರು ತಿಂಗಳಿಗೋ ನಿಯಮಿತವಾಗಿ ತರೋದಾದ್ರೆ ರಿಜಿಸ್ಟ್ರೇಷನ್ ಬೇಕು. ಪತ್ರಿಕೆಗಳ ನೋಂದಣಿಗಿದ್ದ 1867ರ ಹಳೇ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ, ಹೆಸರಿನ ಅರ್ಜಿ, ನೋಂದಣಿ ಎರಡೂ ಕೇಂದ್ರ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ ಹಾಕಬಹುದು. ಮಾಸ್ಟ್‌ಹೆಡ್ (ಕವರ್ ಮೇಲಿನ ಹೆಸರು) ಡಿಸೈನ್‌ಗೆ ದುಡ್ಡು ಸುರಿಯೋಕೆ ಮುಂಚೆ ಹೆಸರು ಸಿಗತ್ತಾ ನೋಡ್ಕೊಳ್ಳಿ.

ಏಳನೇದು: ಪ್ರೆಸ್ಸು

ಇನ್ನೂರು ಮುನ್ನೂರು ಕಾಪಿ ಅಂದ್ರೆ ಡಿಜಿಟಲ್ ಪ್ರಿಂಟ್ ಮಾಡಿಸಿ. ಪ್ಲೇಟ್ ಮಾಡಿ ಅಚ್ಚು ಹಾಕೋ ಆಫ್‌ಸೆಟ್‌ನಲ್ಲಿ ಆ ಪ್ಲೇಟ್ ಖರ್ಚು ನೂರು ಕಾಪಿಗೂ ಸಾವಿರ ಕಾಪಿಗೂ ಒಂದೇ, ಹಾಗಾಗಿ ಜಾಸ್ತಿ ಹಾಕಿಸಿದ್ರೆ ಮಾತ್ರ ಕಾಪಿ ರೇಟು ಇಳಿಯೋದು. ಒಳಪುಟಕ್ಕೆ ಹೊಳೆಯೋ ಆರ್ಟ್ ಪೇಪರ್ ಬೇಡ, ಲೈಟ್ ಬಿದ್ರೆ ಕಾರ್ಡ್ ಓದೋಕಾಗಲ್ಲ, ಪೆನ್ಸಿಲಲ್ಲಿ ಗುರುತೂ ಹಾಕೋಕಾಗಲ್ಲ. 90 ಜಿಎಸ್ಎಂ (ಚದರ ಮೀಟರಿಗೆ 90 ಗ್ರಾಂ ತೂಕ) ಇರೋ, ಹೊಳಪಿಲ್ಲದ ಮ್ಯಾಪ್‌ಲಿಥೋ ಪೇಪರ್ ಸಾಕು, ಕವರ್ ಮಾತ್ರ 220 ಆಸುಪಾಸು, ಮ್ಯಾಟ್ ಲ್ಯಾಮಿನೇಷನ್. ಪೇಪರ್ ಸ್ಯಾಂಪಲ್ ಮುಟ್ಟಿ ನೋಡ್ಬೇಕು ಅಂದ್ರೆ ಸುಲ್ತಾನ್‌ಪೇಟೆ ಕಡೆ ಒಂದು ರೌಂಡ್ ಹೋಗಿ ಬನ್ನಿ.

ಫೈಲ್ ಕೊಡೋವಾಗ ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗೋ ಅಂಚಿನ ಆಚೆಗೂ ಚಾಚಿರೋ ಬಣ್ಣ), ಫೋಟೋ 300 ಡಿಪಿಐ (ಇಂಚಿಗೆ 300 ಚುಕ್ಕೆ), ಸಣ್ಣ ಅಕ್ಷರ ಬರೀ ಕಪ್ಪು ಇಂಕಲ್ಲಿ. ಪ್ಲೇಲಿಸ್ಟಿನ ಕ್ಯೂಆರ್ ಕೋಡ್ ಹಾಕ್ತೀರಾದ್ರೆ 2 ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಸುತ್ತ ಬಿಳಿ ಜಾಗ ಬಿಡಿ, ಪಿಂಕ್ ಮೇಲೆ ಬಿಳಿ ಕೋಡ್ ಅಂತ ಸ್ಟೈಲ್ ಮಾಡೋಕೆ ಹೋಗ್ಬೇಡಿ, ಎಷ್ಟೋ ಫೋನುಗಳು ಓದಲ್ಲ. ಇನ್ನು ಪ್ರೆಸ್ಸಿನವರು ಒಂದು ಮಾತು ಹೇಳೇ ಹೇಳ್ತಾರೆ, "ಮೇಡಂ, ಕರ್ವ್ಸ್ ಮಾಡಿ ಕೊಟ್ಬಿಡಿ, ಆಮೇಲೆ ಫಾಂಟ್ ಓಡೋಯ್ತು ಅಂತ ನನ್ನ ಬೈಬೇಡಿ." ಅಕ್ಷರಗಳನ್ನ ಆಕಾರಗಳಾಗಿ ಬದಲಾಯಿಸಿ ಕೊಡೋದು ಅಂತ ಅರ್ಥ. ಮಾಡಿ ಕೊಡಿ, ಆದ್ರೆ ಕರ್ವ್ಸ್ ಆದ್ಮೇಲೆ ತಪ್ಪು ತಿದ್ದೋಕಾಗಲ್ಲ, ಮೂಲ ಫೈಲ್ ಬೇರೆ ಇಟ್ಕೊಳ್ಳಿ.

ಒಂದು ಪ್ರೂಫ್ ಕಾಪಿ ಪಿನ್ ಹೊಡೆಸಿ ತರಿಸ್ಕೊಂಡು ಆ ಐದಾರು ಹುಡುಗಿಯರಲ್ಲಿ ಗಿಟಾರೋ ಕೀಬೋರ್ಡೋ ಇರೋಳ ಕೈಗೆ ಕೊಡಿ, ನುಡಿಸೋಕೆ ಹೇಳಿ. ಯಾವ ಸಾಲಲ್ಲಿ ನಿಲ್ಲಿಸ್ತಾಳೆ, ಎಲ್ಲಿ ಬಗ್ಗಿ ನೋಡ್ತಾಳೆ, ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕ್ಕೊಂಡು ಬಂದು ಸರಿ ಮಾಡಿ, ಆಮೇಲೆ ಪ್ರಿಂಟಿಗೆ ಹೂಂ ಅನ್ನಿ. ಕಾಪಿಗಳು ಬಂದ್ಮೇಲೆ ಪುಸ್ತಕದಂಗಡಿಗಳಿಗೆ ಕೊಡೋದು ಇದ್ದೇ ಇದೆ, ಅದರ ಜೊತೆಗೆ ಸಂಗೀತ ಪಾಠ ಹೇಳೋ ಮನೆಗಳಿಗೂ, ಗಿಟಾರ್ ತಂತಿ ಮಾರೋ ಅಂಗಡಿಗಳ ಕೌಂಟರ್‌ಗೂ ಹತ್ತತ್ತು ಕಾಪಿ ಇಡಿ.