ಪ್ರಕಟಣೆ ಬಿಟ್ಟು ಕೋಷ್ಟಕ ಹಿಡಿದ ಮೇಲೆ

ಕಲಬುರಗಿಯಿಂದ ಹೊರಡುವ ನಮ್ಮ ಸಣ್ಣ ಮಾಸಿಕದಲ್ಲಿ ವಿಜ್ಞಾನದ ಎರಡು ಪುಟಗಳು ನನ್ನ ಹೊಣೆ. ಸಂಶೋಧನಾ ಸಂಸ್ಥೆಗಳು ಕಳುಹಿಸುವ ಪತ್ರಿಕಾ ಪ್ರಕಟಣೆಯನ್ನು ಬದಿಗಿಟ್ಟು ಮೂಲ ಪ್ರಬಂಧದ ಕೋಷ್ಟಕಗಳಿಂದಲೇ ಸುದ್ದಿ ಬರೆಯಬೇಕೆಂದು ನಾನು ಪಟ್ಟು ಹಿಡಿದಾಗ, "ಇದು ಮಾಸಿಕವೋ, ಪ್ರಾಯೋಗಿಕ ಪರೀಕ್ಷೆಯ ರೆಕಾರ್ಡ್ ಪುಸ್ತಕವೋ?" ಎಂದು ಸಂಪಾದಕರು ನಕ್ಕಿದ್ದರು. ಈಗ ಆರೋಗ್ಯದ ಪುಟಕ್ಕೂ ಅದೇ ಕ್ರಮ ಬರಲಿ ಎನ್ನುವವರು ಅವರೇ.

ಮೊದಲಿನ ದಾರಿಗಳು ಕೈಗೂಡಿರಲಿಲ್ಲ. ವಿಷಯತಜ್ಞರಿಗೆ ಲೇಖನ ಕಳುಹಿಸಿದರೆ ಸಂಚಿಕೆ ಅಂಚೆಗೆ ಹೋದ ಮೇಲೆ ಉತ್ತರ ಬರುತ್ತಿತ್ತು. ಅದರಲ್ಲೂ ಪಾರಿಭಾಷಿಕ ಪದಗಳ ತಿದ್ದುಪಡಿಯೇ ಹೆಚ್ಚು, ರೋಗ ವಾಸಿಯಾದದ್ದು ಇಲಿಗೋ ಮನುಷ್ಯನಿಗೋ ಎಂಬ ಪ್ರಶ್ನೆಯೇ ಇರುತ್ತಿರಲಿಲ್ಲ. ಎರಡು ಇಂಗ್ಲಿಷ್ ಪತ್ರಿಕೆಗಳನ್ನು ತಾಳೆ ನೋಡಿದರೆ ಎರಡೂ ಒಂದೇ ಪ್ರಕಟಣೆಯಿಂದ ಇಳಿಸಿಕೊಂಡವು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಬಂದ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡದ ಅಧ್ಯಯನ ಇದನ್ನೇ ಲೆಕ್ಕ ಹಾಕಿ ತೋರಿಸಿದೆ: ಪ್ರಾಣಿಗಳಲ್ಲಿ ಕಂಡದ್ದನ್ನು ಪ್ರಕಟಣೆಯೇ ಮನುಷ್ಯರಿಗೆ ಹಿಗ್ಗಿಸಿದ್ದರೆ ಶೇ. 86ರಷ್ಟು ಸುದ್ದಿಗಳೂ ಹಿಗ್ಗಿಸಿದ್ದವು, ಪ್ರಕಟಣೆ ಹದದಲ್ಲಿದ್ದರೆ ಶೇ. 10 ಮಾತ್ರ.

ಈಗ ನಾನು ಮೊದಲು ಓದುವುದು ವಿಧಾನದ ಭಾಗವನ್ನು ಮತ್ತು ಕೋಷ್ಟಕಗಳನ್ನು. ಯಾರ ಮೇಲೆ, ಎಷ್ಟು ಮಂದಿಯ ಮೇಲೆ ಎಂಬುದರಷ್ಟೇ ಎಷ್ಟು ಅಳತೆಗಳನ್ನು ತೆಗೆದರು ಎಂಬುದೂ ಮುಖ್ಯ. ಚಾಕೊಲೇಟ್ ತಿಂದರೆ ತೂಕ ಇಳಿಯುತ್ತದೆಂದು 2015ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಮತ್ತು ಸಂಗಡಿಗರು ಪತ್ರಿಕೆಗಳ ಎಚ್ಚರವನ್ನು ಪರೀಕ್ಷಿಸಲು ಬೇಕೆಂದೇ ದೋಷವಿಟ್ಟು ಹೂಡಿದ ಅಧ್ಯಯನದಲ್ಲಿ ಕೊನೆಗೆ ಉಳಿದವರು 15 ಮಂದಿ, ಅಳತೆಗಳು 18. ಅಷ್ಟು ಅಳತೆಗಳಿದ್ದರೆ ಯಾವುದಾದರೊಂದರಲ್ಲಿ ಆಕಸ್ಮಿಕವಾಗಿಯೇ ಪರಿಣಾಮ ಇದ್ದಂತೆ ಕಾಣುವ ಸಾಧ್ಯತೆ ಸುಮಾರು ಶೇ. 60. ಜರ್ಮನಿಯ ದೊಡ್ಡ ಪತ್ರಿಕೆ ಬಿಲ್ಡ್ ಕೂಡ ಅದನ್ನು ನಂಬಿ ಅಚ್ಚು ಹಾಕಿತು. ನಮ್ಮ ಪುಟದಲ್ಲಿ ಅದು ಮೊದಲ ಪ್ರಶ್ನೆಗೇ ಬೀಳುತ್ತಿತ್ತು.

ಹಣ ಕೇಳುವ ಪ್ರಬಂಧಗಳನ್ನು ನಾನು ಕೊಳ್ಳುವುದಿಲ್ಲ, ಲೇಖಕರಿಗೇ ಪತ್ರ ಬರೆಯುತ್ತೇನೆ. ಆ ಪತ್ರದ ಮೊದಲ ಸಾಲು ಏನೆಂಬುದು ನನ್ನ ಬಳಿಯೇ ಇರಲಿ. ಹತ್ತರಲ್ಲಿ ಏಳೆಂಟು ಮಂದಿ ವಾರದೊಳಗೆ ಪ್ರತಿ ಕಳುಹಿಸುತ್ತಾರೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇ. 18 ಹೆಚ್ಚುತ್ತದೆಂಬ 2015ರ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯ ಸುದ್ದಿಯನ್ನು ಪರಿಚಯದ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ತೋರಿಸಿದರೆ, ಬಹುಪಾಲು ಮಂದಿ ನೂರರಲ್ಲಿ ಹದಿನೆಂಟು ಜನರಿಗೆ ಕ್ಯಾನ್ಸರ್ ಎಂದೇ ತಿಳಿದರು. ಸಾವಿರದಲ್ಲಿ 56 ಇದ್ದದ್ದು 66 ಆಗುತ್ತದೆ ಎಂದು ಬ್ರಿಟನ್ನಿನ ಲೆಕ್ಕದಲ್ಲಿ ಬರೆದುಕೊಟ್ಟಾಗ ಒಬ್ಬರೂ ತಪ್ಪಲಿಲ್ಲ. ಅಂದಿನಿಂದ ನಮ್ಮಲ್ಲಿ ಎಲ್ಲವೂ ಸಾವಿರದ ಲೆಕ್ಕ.

ಪೆಟ್ಟು ಬಿದ್ದದ್ದು ಜಾಹೀರಾತಿಗೆ. ಪೌಷ್ಟಿಕ ಪುಡಿ ಮಾರುವವರೊಬ್ಬರು ತಿಂಗಳಿಗೆ ಕೊಡುತ್ತಿದ್ದ ಎಂಟು ಸಾವಿರದಷ್ಟು ನಿಂತುಹೋಯಿತು, ಬರಹಗಾರರ ಗೌರವಧನವನ್ನು ಐನೂರರಿಂದ ಸಾವಿರಕ್ಕೆ ಏರಿಸಬೇಕಾಯಿತು, ವರ್ಷದ ಮಟ್ಟಿಗೆ ಪುಟ ನಷ್ಟದಲ್ಲೇ ಓಡಿತು.

ಅದನ್ನು ಎತ್ತಿದ್ದು ತೊಗರಿ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದ ತಂಡ 2011ರಲ್ಲಿ ಪ್ರಕಟಿಸಿದ ತೊಗರಿ ಜೀನೋಮ್‌ನ (ಗಿಡದ ಇಡೀ ಆನುವಂಶಿಕ ಮಾಹಿತಿಯ) ಕರಡನ್ನು ಗಿಡ ಒಣಗಿಸುವ ನೆಟೆ ರೋಗಕ್ಕೆ ಸಿಕ್ಕ ಮದ್ದು ಎಂಬಂತೆ ಬರೆದ ಲೇಖನಗಳನ್ನು ಎದುರಿಗಿಟ್ಟುಕೊಂಡು, ಪ್ರಬಂಧದಲ್ಲಿ ಇರುವುದು 48,680 ಜೀನ್‌ಗಳ ಅಂದಾಜು, ಜೀನೋಮ್‌ನ ಮುಕ್ಕಾಲು ಪಾಲಿನಷ್ಟು ಜೋಡಣೆ, ಹೊಲದಲ್ಲಿ ಬಿತ್ತುವ ಬೀಜವಲ್ಲ ಎಂದು ವಿವರವಾಗಿ ಬರೆದೆ. ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯಿಂದಲೇ ಮುನ್ನೂರರ ಸುಮಾರು ಹೊಸ ಚಂದಾ ಬಂದವು, ದಾಲ್ ಮಿಲ್ ಒಂದು ಹಿಂಬದಿಯ ರಕ್ಷಾಪುಟವನ್ನು ಆರು ತಿಂಗಳಿಗೆ ಹಿಡಿಯಿತು, ಮುಂದಿನ ಸಂಚಿಕೆಯಿಂದ ನನಗೆ ಮೂರನೆಯ ಪುಟ ಸಿಗುತ್ತಿದೆ.