ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡಿ

ಗ್ರಾಮ ಪಂಚಾಯ್ತಿಗೆ ಗೆದ್ದು ಬಂದ ಅಕ್ಕತಂಗಿಯರಿಗೆ, ನಿಲ್ಲೋಣವಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದು ಅವಧಿ ಸದಸ್ಯೆಯಾಗಿದ್ದೆ. ಮೊದಲ ಏಳೆಂಟು ತಿಂಗಳು ಸಭೆಗೇ ಹೋಗಲಿಲ್ಲ. ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು, ನಾನು ಒಲೆ ಮುಂದಿನಿಂದ ಎದ್ದು ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ತಂದವರು ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಕಾಫಿ ಕೊಟ್ಟು ಕಳಿಸುತ್ತಿದ್ದೆ. ನಮ್ಮ ಬೀದಿಗೆ ಬರಬೇಕಾದ ಚರಂಡಿ ಬೇರೆ ಬೀದಿಗೆ ಹೋಯಿತು. ಕೇಳಲು ಹೋದರೆ "ನೀವೇ ಒಪ್ಪಿದ್ದೀರಲ್ಲಮ್ಮಾ" ಅಂತ ನನ್ನ ಸಹಿಯನ್ನೇ ತೋರಿಸಿದರು!

ಅದಕ್ಕೇ ಮೊದಲು ಸಹಿ ವಿಷಯ. ಪುಸ್ತಕ ಮನೆಗೆ ಬಂದರೆ "ಸಭೆಗೆ ಬರುತ್ತೇನೆ, ಅಲ್ಲೇ ಹಾಕುತ್ತೇನೆ" ಅನ್ನಿ. ಸಭೆಯಲ್ಲೂ ಹುಷಾರು. ಹಾಜರಿಗೆ ಸಹಿ ಹಾಕಿಸಿಕೊಂಡು "ಠರಾವು ಆಮೇಲೆ ಬರೆಯುತ್ತೇವೆ" ಅನ್ನುವುದುಂಟು. ಅಲ್ಲೇ ಕೂತು ಬರೆಸಿ. ಓದು ಕಷ್ಟ ಅಂದರೆ ಗಟ್ಟಿಯಾಗಿ ಓದಿಸಿ, ನಾಚಿಕೆ ಪಡಬೇಡಿ. ಒಪ್ಪಿಗೆ ಇಲ್ಲದಿದ್ದರೆ "ನನ್ನ ವಿರೋಧ ಇದೆ ಅಂತ ಬರೆಯಿರಿ" ಅನ್ನಿ, ಬರೆದ ಪುಟದ ಫೋಟೋ ತೆಗೆದುಕೊಳ್ಳಿ.

ಅಧ್ಯಕ್ಷೆಯಾದರೆ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಪಂಚಾಯ್ತಿ ದುಡ್ಡು ಹೊರಗೆ ಹೋಗಬೇಕಾದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಸಹಿಯೂ ಬೇಕು, ಈಗ ಅದು ಡಿಜಿಟಲ್ ಸಹಿ. ಪೆನ್‌ಡ್ರೈವ್ ಥರ ಒಂದು ಡಾಂಗಲ್ ಇರುತ್ತದೆ, ಅದಕ್ಕೊಂದು ಪಾಸ್‌ವರ್ಡ್. ಅದು ಆಫೀಸಿನ ಡ್ರಾಯರ್‌ನಲ್ಲೋ ಗಂಡನ ಜೇಬಲ್ಲೋ ಇದ್ದರೆ ನೀವು ಸುಮ್ನೆ ಹೆಸರಿಗೆ ಅಧ್ಯಕ್ಷೆ, ಅಷ್ಟೇ. ಬೀರುವಿನಲ್ಲಿ ಒಡವೆ ಇಡುವ ಕಡೆ ಇಡಿ. ಯಾವ ಬಿಲ್ಲು ಅಂತ ನೋಡದೆ ಹೊರಗೆ ತೆಗೆಯಬೇಡಿ.

ಗಂಡನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಂಡತಿ ಅಧ್ಯಕ್ಷೆಯಾದರೆ ಊರೆಲ್ಲ ಗಂಡನನ್ನು "ಅಧ್ಯಕ್ಷರೇ" ಅಂತ ಕರೆಯುತ್ತದೆ, ಅವನೂ ತಿರುಗಿ ನೋಡುತ್ತಾನೆ. ಜಗಳ ಆಡಿ ಅಂತ ನಾನು ಹೇಳಲ್ಲ, ಒಂದೇ ಮನೆಯಲ್ಲಿ ಬದುಕಬೇಕಲ್ವಾ. ಸಭೆಯ ಹಿಂದಿನ ರಾತ್ರಿಯೇ ಸಮಾಧಾನವಾಗಿ ಹೇಳಿ: ಬೈಕಲ್ಲಿ ಕರೆದುಕೊಂಡು ಬನ್ನಿ, ಹೊರಗೆ ಟೀ ಕುಡಿಯುತ್ತಿರಿ, ಒಳಗೆ ನಾನೊಬ್ಬಳೇ ಕೂರುತ್ತೇನೆ. ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಅರ್ಧ ಸೀಟು ಕಾಯಿದೆಯೇ ಕೊಟ್ಟಿದೆ, ಆ ಕುರ್ಚಿ ಗಂಡನದಲ್ಲ.

ಇನ್ನು ಕೆಲಸ. ಎಲ್ಲಾದಕ್ಕೂ ಕೈ ಹಾಕಬೇಡಿ, ಒಂದನ್ನು ಹಿಡಿಯಿರಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯಾದರೆ ನೀರನ್ನೇ ಹಿಡಿಯಿರಿ ಅಂತೀನಿ. ಸಾವಿರ ಅಡಿ ದಾಟಿದ ಬೋರು, ಫ್ಲೋರೈಡು, ಕೆಟ್ಟು ನಿಂತ ಶುದ್ಧ ನೀರಿನ ಘಟಕ, ಇದನ್ನೆಲ್ಲ ಕೊಡ ಹೊರುವ ನಮಗಿಂತ ಚೆನ್ನಾಗಿ ಯಾರು ಬಲ್ಲರು? 40 ಪುಟದ ನೋಟ್‌ಬುಕ್ ತನ್ನಿ. ಯಾವ ಬೀದಿಗೆ ಯಾವತ್ತು ನೀರು ಬಂತು, ಯಾವ ಮೋಟರು ಯಾವತ್ತು ಸುಟ್ಟಿತು, ಯಾರು ರಿಪೇರಿ ಮಾಡಿದರು, ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳಿ ಬರೆಯಿರಿ. ಮೂರು ತಿಂಗಳಾದ ಮೇಲೆ ಸಭೆಗೆ ಮೋಟರ್ ರಿಪೇರಿ ಬಿಲ್ಲು ಬಂದಾಗ ನಿಮ್ಮ ನೋಟ್‌ಬುಕ್ ತೆಗೆದು ಪಕ್ಕದಲ್ಲಿಡಿ. ನಾನು ಹೀಗೆ ಮಾಡಿದ ದಿನ ಎರಡು ಬಿಲ್ಲು ವಾಪಸ್ ಹೋದವು. ಯಾರೂ ಒಂದು ಮಾತೂ ಆಡಲಿಲ್ಲ. ದುಡ್ಡಿಲ್ಲ ಅಂದರೆ ಯಾವ ಅನುದಾನ, ಎಷ್ಟು, ಯಾವುದಕ್ಕೆ ಅಂತ ಕೇಳಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಇಟ್ಟಿದ್ದರು. ನಮ್ಮಲ್ಲಿ ಎಷ್ಟೋ ಸದಸ್ಯರಿಗೆ ಇದು ಗೊತ್ತೇ ಇರಲಿಲ್ಲ.

ಮಾತಾಡೋಕೆ ಭಯವಾ? ಎಲ್ಲರಿಗೂ ಆಗುತ್ತದೆ. ನಮ್ಮ ಗಡಿ ಕಡೆ ಮನೆಯಲ್ಲಿ ತೆಲುಗು, ಸಭೆಯಲ್ಲಿ ಕನ್ನಡ, ಮಧ್ಯೆ ನಾಲಿಗೆ ತಡವರಿಸುತ್ತದೆ. ತಡವರಿಸಲಿ ಬಿಡಿ. ಮೊದಲ ಒಂದು ವಾಕ್ಯ ಮಾತ್ರ ಮನೆಯಲ್ಲಿ ನಾಲ್ಕು ಸಲ ಹೇಳಿ ನೋಡಿಕೊಂಡು ಹೋಗಿ, ಮಿಕ್ಕಿದ್ದು ಬರುತ್ತದೆ. ಸ್ತ್ರೀಶಕ್ತಿ ಸಂಘದಲ್ಲಿ ಸಾಲದ ಕಂತು ಕೇಳಿ ವಸೂಲಿ ಮಾಡಿದವರಿಗೆ ಪಿಡಿಒ ಹತ್ತಿರ ಲೆಕ್ಕ ಕೇಳೋದು ಏನು ಮಹಾ?

ಆ ಸಂಘದವರನ್ನೇ ವಾರ್ಡ್ ಸಭೆಗೆ ಕರೆತನ್ನಿ. ಹತ್ತು ಹೆಂಗಸರು ಹಿಂದೆ ಕೂತಿದ್ದರೆ ನಿಮ್ಮ ಮಾತಿನ ತೂಕವೇ ಬೇರೆ. ಹೊತ್ತು ನೋಡಿ ಕರೆಯಿರಿ: ಡೇರಿಗೆ ಹಾಲು ಹಾಕುವ ಹೊತ್ತಲ್ಲಿ ಬೇಡ, ಶಿಡ್ಲಘಟ್ಟದ ಕಡೆಯಾದರೆ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ನಿಂತಿರುವ ಮನೆಯವರಿಂದ ಆಸೆ ಇಟ್ಟುಕೊಳ್ಳಲೇ ಬೇಡಿ.

ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿಗೆ ಕರೆದರೆ ತಪ್ಪಿಸಬೇಡಿ. ಪಾಠಕ್ಕಿಂತ ಅಲ್ಲಿ ಸಿಗುವ ಬೇರೆ ಊರಿನ ಸದಸ್ಯೆಯರ ಫೋನ್ ನಂಬರೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ಮುಂದಿನ ಸಲ ನಿಮ್ಮ ವಾರ್ಡಿನ ಮೀಸಲಾತಿ ಬದಲಾಗಿ ಸಾಮಾನ್ಯ ಸೀಟಾದರೆ "ಇನ್ನು ಗಂಡಸರ ಸೀಟು" ಅಂತ ಎಲ್ಲರೂ ಹೇಳುತ್ತಾರೆ. ಹಾಗೇನೂ ಇಲ್ಲ, ಅಲ್ಲೂ ನಿಲ್ಲಬಹುದು. ನಾಮಪತ್ರ ಹಾಕುವಾಗ ತೊಡಕಾಗದ ಹಾಗೆ ಮನೆ ಕಂದಾಯ ಬಾಕಿ ಇದ್ದರೆ ಈಗಲೇ ಕಟ್ಟಿ, ರಸೀದಿ ಜೋಪಾನವಾಗಿಡಿ.